ಮೈಕು ಬಂದ್ ಮಾಡಿ ಬಂದವರು

ಕಳೆದ ತಿಂಗಳು ಕಂಟ್ರೋಲರ್ ಸಾಹೇಬರು ಶಹಾಪುರದ ಬಾಡಿಗೆ ಮನೆ ಖಾಲಿ ಮಾಡಿ, ತಮ್ಮನನ್ನು ಕರೆದುಕೊಂಡು ಸೈದಾಪುರಕ್ಕೆ ಹೋದರು. ಅವರ ಅಕ್ಕನ ಮಗಳು ಅಲ್ಲಿದ್ದು, ಹತ್ತಿರದ ಕಡೇಚೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಹಿತ್ತಲಿರುವ ಮನೆ, ಅಂಗಳದಲ್ಲಿ ನಿಂತರೆ ರೈಲು ಕಾಣುತ್ತದೆ, ಬಂದುಬಿಡು ಮಾಮಾ ಎಂದು ಬಹಳ ದಿನದಿಂದ ಕರೆಯುತ್ತಿದ್ದಳು. ಸಾಮಾನು ಹೇರಿದ ಟಂಟಂ ಗಾಡಿ ಓಣಿಯಿಂದ ಹೊರಬೀಳುವಾಗ ಬೇರೆ ಬೇರೆ ಊರಿನಿಂದ ಬಂದ ನಾವು ಕೆಲವು ಮನೆಯವರು ಬೀಳ್ಕೊಡಲು ನಿಂತಿದ್ದೆವು. ಒಂದಿಬ್ಬರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವರು ಮಾತ್ರ ಡ್ರೈವರನ ಪಕ್ಕ ಕುಳಿತು, ತಲೆ ಹೊರಗೆ ಹಾಕಿ, "ಬರ್ಲಿ, ಬರ್ಲಿ, ಬಲಕ್ಕ ತಗೋ, ಏ ಬಲಕ್ಕ ಅಂದ್ರ ಬಲಕ್ಕೋ ತಮ್ಮಾ!" ಎಂದು ಅವನಿಗೆ ರಿವರ್ಸ್ ಹೇಳಿಕೊಡುವುದರಲ್ಲಿ ಮುಳುಗಿದ್ದರು. ನಮ್ಮ ಕಡೆ ಕೈ ಬೀಸುವುದನ್ನೂ ಮರೆತರು.

ಅವರ ಬಗ್ಗೆ ಬರೆಯುತ್ತೇನೆ ಎಂದು ಫೋನಿನಲ್ಲಿ ಹೇಳಿದಾಗ, "ಬರೀರಿ ತಂಗಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹೆಸರು ಹಾಕಬ್ಯಾಡ್ರಿ. ಹೆಸರು ನೋಡಿ ಮಂದಿ ಬಸ್ಸಿನ ಟೈಮ್ ಕೇಳಾಕ ಫೋನ್ ಹಚ್ಚತಾರ" ಎಂದರು. ಶಹಾಪುರ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಕೆಲಸದಿಂದ ಅವರು ನಿವೃತ್ತರಾಗಿ ಕೆಲವು ವರ್ಷಗಳಾಗಿವೆ. ಆದರೂ ಮಂದಿ ಕೇಳುವುದು ನಿಂತಿಲ್ಲ, ಅವರು ಹೇಳುವುದೂ ನಿಂತಿಲ್ಲ.

ನನ್ನ ಮಗಳು ಶಿವಲೀಲಾಗೆ ಆಟಿಸಂ ಇದೆ ಎಂದು ಗೊತ್ತಾದಾಗ ಅವಳಿನ್ನೂ ಸಣ್ಣವಳು. ಮಾತು ಬಂದಿರಲಿಲ್ಲ. ನಾವಿರುವುದು ಸುರಪುರದಲ್ಲಿ. ವಾರಕ್ಕೊಮ್ಮೆ ಕಲಬುರಗಿಗೆ ಥೆರಪಿಗೆ ಕರೆತನ್ನಿ ಎಂದರು ಡಾಕ್ಟರು. ನನ್ನ ಗಂಡನದು ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅಂಗಡಿ. ಬಿಟ್ಟು ಬರಲು ಆಗುವುದಿಲ್ಲ ಎನ್ನುತ್ತಿದ್ದರು. ಅಂಗಡಿಗಿಂತ ಹೆಚ್ಚಾಗಿ, ನಾಲ್ಕು ಜನರ ನಡುವೆ ಮಗಳು ಕಿರುಚಿದರೆ ಅವರಿಗೆ ತಲೆ ಎತ್ತಲು ಆಗುತ್ತಿರಲಿಲ್ಲ. ನಾನು ಖಾಸಗಿ ಶಾಲೆಯ ಕೆಲಸ ಬಿಟ್ಟು ಮಗಳನ್ನು ಬಸ್ಸಿನಲ್ಲಿ ಕರೆದೊಯ್ಯತೊಡಗಿದೆ.

ಆವತ್ತು ಬಸ್ಸು ಶಹಾಪುರದಲ್ಲಿ ನಿಂತಾಗ ಜನ ಒಮ್ಮೆಲೇ ನುಗ್ಗಿದರು. ಯಾರದೋ ಚೀಲ ಲೀಲಾಳ ತೊಡೆಯ ಮೇಲೆ ಬಿತ್ತು. ಅವಳು ಕಿರುಚಲು ಶುರುಮಾಡಿದಳು. ಎಷ್ಟು ಸಮಾಧಾನ ಮಾಡಿದರೂ ನಿಲ್ಲಲಿಲ್ಲ. ಬಸ್ಸಿನಲ್ಲಿದ್ದವರು ಗೊಣಗತೊಡಗಿದರು. ಕೊನೆಗೆ ನಾನೇ ಅವಳನ್ನು ಎತ್ತಿಕೊಂಡು ಇಳಿದುಬಿಟ್ಟೆ. ಇಳಿದದ್ದು ಸರಿಯಾಗಿ ಸ್ಪೀಕರಿನ ಕೆಳಗೆ. "ಯಾದಗಿರಿ, ಯಾದಗಿರಿ, ಯಾದಗಿರಿಗೆ ಹೋಗುವವರು" ಎಂದು ಅದು ಗರ್ಜಿಸಿತು. ಮಗು ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿತ್ತು. ಸುತ್ತ ಜನ ಸೇರಿದರು.

"ಗಾಳಿ ಸೋಕಿರಬೇಕು, ನಿಂಬಿಹಣ್ಣು ಇಳಿ ತಗೀರಿ."

"ಎರಡು ಬಿಗದ್ರ ಸುಮ್ಮನಾಗ್ತಾಳ. ತಾಯಿನ ಮುದ್ದು ಮಾಡಿ ಕೆಡಿಸ್ಯಾಳ."

"ಪಾಪ, ಹೆಣ್ಣಮಗು ಬ್ಯಾರೆ."

ನನಗೆ ಅಳು ಬರುತ್ತಿತ್ತು. ಅಷ್ಟರಲ್ಲಿ ಸ್ಪೀಕರು ಮಾತಿನ ನಡುವೆಯೇ ನಿಂತಿತು. ಕಂಟ್ರೋಲರ್ ಕೋಣೆಯಿಂದ ಖಾಕಿ ಅಂಗಿಯ, ದಪ್ಪ ಮೀಸೆಯ ಒಬ್ಬರು ಹೊರಗೆ ಬಂದರು. ನಮ್ಮತ್ತ ಬರಲಿಲ್ಲ. ಮೂಲೆಯಲ್ಲಿ ನಿಂತಿದ್ದ ಖಾಲಿ ಬಸ್ಸಿನ ಡ್ರೈವರನಿಗೆ ಏನೋ ಹೇಳಿದರು. ಅವನು ಬಸ್ಸು ಚಾಲೂ ಮಾಡಿ ಸ್ಟ್ಯಾಂಡಿನ ಆ ತುದಿಗೆ ಒಯ್ದ. ಇವರು ಗುಂಪಿನ ಹಿಂದೆ ಬಂದು ನಿಂತು, ಮೈಕಿಲ್ಲದೆ, ಮೆಲ್ಲಗೆ, ಗುಟ್ಟು ಹೇಳಿದಂತೆ ಹೇಳಿದರು: "ಸುರಪುರ ಖಾಲಿ ಬಸ್ ಹಚ್ಯಾರ ನೋಡ್ರಿ ಅಲ್ಲಿ. ಸೀಟು ಹಿಡಕೋರಿ ಜಲ್ದಿ."

ಕ್ಷಣದಲ್ಲಿ ಜನ ಮಾಯ. ಟವೆಲು, ಚೀಲ ಹಿಡಿದು ಕಿಟಕಿಯೊಳಗೆ ಎಸೆಯಲು ಎಲ್ಲರೂ ಓಡಿದರು. ಆ ಬಸ್ಸು ಸುರಪುರಕ್ಕೆ ಹೋಗುವುದೇ ಆಗಿರಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು. ನಿಂಬೆಹಣ್ಣು ಹೇಳಿದ ಹೆಂಗಸು ಸುರಪುರದವಳೂ ಆಗಿರಲಿಲ್ಲವಂತೆ. ಖಾಲಿ ಸೀಟು ಎಂದ ಕೂಡಲೇ ಓಡಿದ್ದಳು.

ಕಂಟ್ರೋಲರ್ ಸಾಹೇಬರು ಬಂದು ನಮ್ಮಿಂದ ಒಂದಿಷ್ಟು ದೂರ, ನೆಲದ ಮೇಲೆಯೇ ಕುಳಿತರು. ಲೀಲಾಳನ್ನು ನೋಡಲಿಲ್ಲ, ಮಾತಾಡಿಸಲಿಲ್ಲ. ಬಸ್ಸುಗಳ ಕಡೆ ಮುಖ ಮಾಡಿ ಸುಮ್ಮನೆ ಕೂತರು. ಅವಳ ಕೂಗು ಬಿಕ್ಕಳಿಕೆಯಾಗಿ, ಬಿಕ್ಕಳಿಕೆ ಉಸಿರಾಗುವವರೆಗೂ ಮೈಕು ಬಂದ್ ಇತ್ತು. ಯಾವ ಬಸ್ಸು ಎಲ್ಲಿಗೆ ಎಂದು ಜನ ಡ್ರೈವರುಗಳನ್ನೇ ಕೇಳಿಕೊಂಡು ಹತ್ತಿದರು. ಆಮೇಲೆ ಅವರು ನನ್ನನ್ನು ಕೇಳಿದ ಮೊದಲ ಮಾತು: "ಉಂಡೀರೇನು ತಂಗಿ?"

ಅಲ್ಲಿಯವರೆಗೆ ಕಂಡವರೆಲ್ಲ ಕೇಳುತ್ತಿದ್ದದ್ದು, ಯಾವಾಗಿನಿಂದ ಹೀಗೆ, ಬಸುರಿದ್ದಾಗ ಏನಾದರೂ ಹೆದರಿದ್ದಿರಾ, ಮನೆತನದಲ್ಲಿ ಯಾರಿಗಾದರೂ ಇತ್ತಾ ಎಂದು. ಊಟದ ಬಗ್ಗೆ ಯಾರೂ ಕೇಳಿರಲಿಲ್ಲ. ಉಂಡಿಲ್ಲ ಎಂದೆ. ಕೋಣೆಯಿಂದ ತಮ್ಮ ಬುತ್ತಿ ತಂದುಕೊಟ್ಟರು. ರೊಟ್ಟಿ, ಪುಂಡಿಪಲ್ಯ. ನಾನು ಉಂಡೆ. ಲೀಲಾ ರೊಟ್ಟಿಯ ಅಂಚು ಮುರಿದು ಮುರಿದು ಸಾಲಾಗಿ ಜೋಡಿಸಿದಳು.

"ನಮ್ಮ ತಮ್ಮನೂ ಹಿಂಗ ಅದಾನ್ರಿ" ಎಂದರು, ಕೋಣೆಯ ಪಕ್ಕದ ಬೆಂಚಿನತ್ತ ಗಲ್ಲ ಎತ್ತಿ ತೋರಿಸುತ್ತ. ತಲೆ ಅರ್ಧ ನರೆತ ಒಬ್ಬರು ಅಲ್ಲಿ ಕುಳಿತು, ಹಳೆಯ ಬಸ್ ಕಿಟಕಿಯ ರಬ್ಬರು ಪಟ್ಟಿಯ ತುಂಡೊಂದನ್ನು ಬೆರಳಿನಿಂದ ಸವರುತ್ತಿದ್ದರು. ಹೆಸರು ಚನ್ನಪ್ಪ. ತಾಯಿ ತೀರಿಕೊಂಡ ಮೇಲೆ ಸಾಹೇಬರು ಅವರನ್ನು ದಿನವೂ ಜೊತೆಗೆ ಕರೆತರುತ್ತಿದ್ದರು. ತಾವು ಮದುವೆ ಮಾಡಿಕೊಂಡಿರಲಿಲ್ಲ.

ಒಮ್ಮೆ ಊರಿನ ದೊಡ್ಡ ಮನುಷ್ಯರೊಬ್ಬರು ಬಂದು ಚನ್ನಪ್ಪನನ್ನು ನೋಡಿ, "ಇಂಥವರಿಗೆ ಏನರೆ ಒಂದು ವಿಶೇಷ ಶಕ್ತಿ ಇರ್ತದಂತಲ್ಲ? ಬಸ್ಸಿನ ಟೈಮೆಲ್ಲ ಬಾಯಿಪಾಠ ಇರಬೇಕು" ಎಂದರು. ಸಾಹೇಬರು, "ಇಲ್ರಿ. ಅವಗ ಏನೂ ಬಾಯಿಪಾಠ ಇಲ್ಲ. ಬಸ್ಸಿನ ಟೈಮ್ ನನಗ ಬರ್ತದ, ಪಗಾರ ನನಗ ಕೊಡ್ತಾರ. ಅವ ನನ್ನ ತಮ್ಮ. ಅಷ್ಟ ಸಾಕು" ಎಂದರು.

'ಪಾಪ' ಎಂಬ ಮಾತು ಅವರಿಗೆ ಆಗಿಬರುತ್ತಿರಲಿಲ್ಲ. ಯಾರಾದರೂ ಇಂಥ ಮಕ್ಕಳನ್ನು ನೋಡಿ ಪಾಪ ಎಂದರೆ, "ಯಾವ ಪಾಪನೂ ಮಾಡಿಲ್ರಿ ಅವು, ಸರೀರಿ ಆಕಡೆ" ಎಂದು ಗದರುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲಿತ್ತು. ದನಿಯಂತೂ ಮೈಕು ಬೇಡದಂಥದ್ದು. ಇಂಥ ಮಕ್ಕಳ ತಂದೆತಾಯಿಗಳಾದ ನಮ್ಮ ವಾಟ್ಸ್ಯಾಪ್ ಗುಂಪಿಗೆ ಅವರು ಕಳಿಸುವ ಧ್ವನಿ ಸಂದೇಶಗಳನ್ನು ಕೇಳಬೇಕಾದರೆ ನಾವು ಫೋನನ್ನು ಕೈ ಚಾಚಿ ದೂರ ಹಿಡಿಯುತ್ತಿದ್ದೆವು. ಆ ಗಂಟಲಿನ ಮನುಷ್ಯ ಮಕ್ಕಳ ಹತ್ತಿರ ಬಂದರೆ ಮಾತ್ರ ಪಿಸುಗುಡುತ್ತಿದ್ದರು.

ಆ ಗುಂಪು ಹುಟ್ಟಿದ್ದು ಹೀಗೆ. ಮೊದಲ ಸಲ ಭೇಟಿಯಾದ ಮುಂದಿನ ವಾರ ನಾನು ಹೋದಾಗ ಅವರು ಕಿಟಕಿಯಿಂದಲೇ ಕರೆದು, "ದೋರನಹಳ್ಳಿಯಿಂದ ಒಬ್ಬಾಕಿ ಗುರುವಾರ ಬರ್ತಾಳ, ಮಗನ್ನ ಕರ್ಕೊಂಡು. ನಿಮ್ಮಂಗ ಒಬ್ಬಾಕಿನ ಅಳಾಕತ್ತಿದ್ಲು. ನೀವೂ ಗುರುವಾರ ಮಾಡ್ಕೋರಿ, ಕೂಡಿ ಹೋಗ್ರಿ" ಎಂದರು. ಥೆರಪಿಯ ದಿನ ಬದಲಿಸಿಕೊಂಡೆ. ಆ ಹೆಂಗಸು, ಮಹಾದೇವಿ, ಮೊದಲ ದಿನ ಜೇವರ್ಗಿಯವರೆಗೂ ಮಾತಾಡಲಿಲ್ಲ. ಜೇವರ್ಗಿ ದಾಟಿದ ಮೇಲೆ ಕಲಬುರಗಿಯವರೆಗೂ ಮಾತು ನಿಲ್ಲಿಸಲಿಲ್ಲ. ಬರುಬರುತ್ತ ಯಾದಗಿರಿಯಿಂದ, ಕೆಂಭಾವಿಯಿಂದ ಇನ್ನಷ್ಟು ಜನ ಸೇರಿದರು. ಎಲ್ಲರನ್ನೂ ಹುಡುಕಿದ್ದು ಅವರ ಆ ಕಿಟಕಿಯೇ. ಕಿವಿ ಮುಚ್ಚಿಕೊಂಡ ಮಗು, ತಲೆ ತಗ್ಗಿಸಿದ ತಾಯಿ ಕಂಡರೆ ಸಾಕು, ಮೈಕು ಬಂದಾಗುತ್ತಿತ್ತು.

ಕಂಡಕ್ಟರುಗಳಿಗೆ ಅವರು ಪಾಠ ಹೇಳುವುದನ್ನು ನಾನು ಕೇಳಿದ್ದೇನೆ. "ಕಿಟಕಿ ಸೀಟು ಕೊಡು. ಮೈ ಮುಟ್ಟಬ್ಯಾಡ. ಹೆಸರೇನು, ಸಾಲಿಗೆ ಹೋಗ್ತಿಯೇನು ಅಂತ ತಲಿ ತಿನಬ್ಯಾಡ. ಕೂಗಿದ್ರ ಕೂಗ್ಲಿ. ನೀ ನಿನ್ನ ಟಿಕೀಟ್ ಹರಿ."

ತಿಂಗಳಿಗೊಂದು ಭಾನುವಾರ ನಾವೆಲ್ಲ ಶಹಾಪುರದ ಒಂದು ಶಿಶುವಿಹಾರದಲ್ಲಿ ಸೇರುತ್ತಿದ್ದೆವು. ಅದನ್ನು ನಡೆಸುವ ಟೀಚರಮ್ಮ ಸಾಹೇಬರ ಮಾತಿಗೆ ಕೀಲಿಕೈ ಕೊಟ್ಟಿದ್ದರು. ಬೇವಿನ ಮರ, ಮರಳು ಗುಂಡಿ, ಎತ್ತರದ ಕಂಪೌಂಡು. ಎಲ್ಲರೂ ಒಳಗೆ ಬಂದ ಮೇಲೆ ಅವರು ಗೇಟಿಗೆ ಬೀಗ ಜಡಿದು, ಕುರ್ಚಿ ಹಾಕಿಕೊಂಡು ಅಲ್ಲಿಯೇ ಕೂರುವರು. "ಇವತ್ತು ಯಾರೂ ಮಕ್ಕಳ ಹಿಂದ ಓಡಬ್ಯಾಡ್ರಿ. ಅವು ಎಲ್ಲಿ ಹೋಗ್ತಾವ? ನಾ ಇಲ್ಲಿ ಅದೀನಿ" ಎನ್ನುವರು. ಭಾಷಣ ಇರುತ್ತಿರಲಿಲ್ಲ. ಅಲ್ಲಿಯೇ ಒಲೆ ಹೂಡಿ ರೊಟ್ಟಿ ಬಡಿಯುತ್ತಿದ್ದೆವು. ಹೆಂಚಿನಿಂದ ಇಳಿದ ಬಿಸಿ ರೊಟ್ಟಿಯನ್ನು ಬಿಸಿಯಿರುವಾಗಲೇ ತಿಂದ ಮಹಾದೇವಿ, "ನನಗ ಮಗ ಹುಟ್ಟಿದಾಗಿಂದ ಬಿಸಿ ರೊಟ್ಟಿ ನೆನಪ ಇಲ್ಲಕ್ಕಾ" ಎಂದು ನಕ್ಕಳು. ನಾವೆಲ್ಲ ನಕ್ಕೆವು. ಮಕ್ಕಳು ತಮ್ಮ ಪಾಡಿಗೆ ತಾವು ಮರಳು ಸುರಿಯುತ್ತಿದ್ದರು. ಒಬ್ಬ ಗೋಡೆಗೆ ಕಿವಿ ಹಚ್ಚಿ ನಿಂತಿರುತ್ತಿದ್ದ. ಯಾರೂ ಯಾರನ್ನೂ ದುರುಗುಟ್ಟಿ ನೋಡುತ್ತಿರಲಿಲ್ಲ.

ಆಗಾಗ ಕಲಬುರಗಿಯಿಂದ ಥೆರಪಿ ಮೇಡಂ ಬಂದು ನಮಗೆ ಹೇಳಿಕೊಡುತ್ತಿದ್ದರು. ಅವರ ಮುಂದೆ ಸಾಹೇಬರು ಶಾಲೆಯ ಹುಡುಗನಂತೆ ಕೈಕಟ್ಟಿ ಕೂರುವರು. ಏನಾದರೂ ಕೇಳಿದರೆ ನಮಗೆ, "ಮೇಡಂ ಏನಂದ್ರು? ಅದನ್ನ ಮಾಡ್ರಿ ಮೊದಲ" ಎನ್ನುವರು. ಒಬ್ಬಳು ಹರಕೆ, ದರ್ಗಾ ಎಂದು ಮಗನನ್ನು ಕರೆದುಕೊಂಡು ಊರೂರು ಸುತ್ತುತ್ತಿದ್ದಳು. ಅವಳಿಗೆ ಹೇಳಿದ್ದು ಇಷ್ಟೇ: "ಹೋಗವ್ವಾ, ದೇವರ ದರ್ಶನ ಆಗ್ತದ. ಆದ್ರ ಮಗೀಗೆ ಹೊಗಿ ಹಾಕ್ಸಬ್ಯಾಡ, ಬರಿ ಎಳಸಬ್ಯಾಡ. ಬರೋ ಮುಂದ ಥೆರಪಿನೂ ಮಾಡ್ಸ್ಕೊಂಡು ಬಾ."

ನಮ್ಮ ಮನೆಯಲ್ಲಿ ಅವರಿಂದ ಆದದ್ದನ್ನು ಹೇಳಬೇಕು. ಲೀಲಾಗೆ ಹತ್ತು ದಾಟಿತ್ತು. ಒಂದು ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಒಗೆದು ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು, ಅವಳಿರಲಿಲ್ಲ. ಓಣಿ, ಗುಡಿ, ಅಂಗಡಿ ಎಲ್ಲ ಹುಡುಕಿದೆವು. ನೀರು ಕಂಡರೆ ಅವಳಿಗೆ ಹಿಗ್ಗು. ನನ್ನ ಗಂಡ ಬಾವಿಯ ಕಡೆ ಓಡಿದರು. ನಾನು ಸಾಹೇಬರಿಗೆ ಫೋನ್ ಮಾಡಿದೆ.

"ಯಾವ ಅಂಗಿ ಹಾಕ್ಯಾಳ?" ಎಂದರು.

"ಹಳದಿ."

"ಫೋನ್ ಇಡ್ರಿ. ಮನಿ ಬಾಗಲಾಗ ಒಬ್ಬರ್ನ ನಿಂದ್ರಸ್ರಿ, ತಾನ ಬಂದ್ರೂ ಬಂದಾಳು."

ಅವರು ಸುರಪುರದಿಂದ ಹೊರಟ ಬಸ್ಸುಗಳ ಕಂಡಕ್ಟರುಗಳಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಹಚ್ಚಿದರು. ಕೊನೆಗೆ ಕೆಂಭಾವಿಗೆ ಹೊರಟಿದ್ದ ಬಸ್ಸಿನಿಂದ ಉತ್ತರ ಬಂತು. ಕಿಟಕಿಯ ಪಕ್ಕ ಹಳದಿ ಅಂಗಿಯ ಹುಡುಗಿ ಕೂತಿದ್ದಾಳೆ, ಯಾರದೋ ಜೊತೆ ಬಂದವಳಿರಬೇಕು ಅಂದುಕೊಂಡಿದ್ದೆ ಎಂದನಂತೆ ಕಂಡಕ್ಟರು. ಇಳಿಸಿ ಯಾವುದಾದರೂ ಅಂಗಡಿಯಲ್ಲಿ ಕೂರಿಸಲೇ ಎಂದು ಕೇಳಿದ್ದಾನೆ. "ಇಳಿಸಿದ್ರ ನಿನ್ನ ಕಾಲ ಮುರೀತೀನಿ. ಕುಂತಾಳಲ್ಲ, ಕುಂದ್ರಲಿ. ಕೆಂಭಾವಿ ಮುಟ್ಟು, ತಿರುಗಿ ಅದ ಬಸ್ಸಿನ್ಯಾಗ ಕರ್ಕೊಂಡು ಬಾ" ಎಂದರಂತೆ ಸಾಹೇಬರು. ಆಮೇಲೆ ನನಗೆ ಫೋನ್ ಮಾಡಿ, ಎಂದೂ ಇಲ್ಲದಷ್ಟು ಸಣ್ಣ ದನಿಯಲ್ಲಿ, "ಸಿಕ್ಕಾಳ ತಂಗಿ. ಆರಾಮ ಅದಾಳ. ನೀರು ಕುಡೀರಿ" ಎಂದರು.

ಆವತ್ತು ಕೆಂಭಾವಿಯ ಸಂತೆ. ಸಂಜೆ ಬಸ್ಸು ವಾಪಸು ಬಂದಾಗ ಲೀಲಾಳ ಉಡಿಯಲ್ಲಿ ಪೇರಲ ಹಣ್ಣು. ಸಂತೆ ಮುಗಿಸಿ ಬರುವ ಹೆಂಗಸರು ಕೊಟ್ಟದ್ದು. ಅವಳ ಸುತ್ತ ಅವರೇ ಕುಳಿತು, ಬೇರೆ ಯಾರೂ ತಳ್ಳದಂತೆ ನೋಡಿಕೊಂಡಿದ್ದರು. ನನ್ನ ಗಂಡ ಬಸ್ಸು ಹತ್ತಿ ಮಗಳ ಪಕ್ಕ ಕುಳಿತವರು ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಕಂಡಕ್ಟರು ಚಹಾ ಕುಡಿಯಲು ಹೋದ.

ಮರುದಿನ ಸಾಹೇಬರು ಚನ್ನಪ್ಪನ ಜೊತೆ ಮನೆಗೇ ಬಂದರು. ನನ್ನ ಗಂಡ ಬಾಗಿಲಿಗೆ ಹೊರಗಿನಿಂದ ಚಿಲಕ ಜಡಿಸುತ್ತಿದ್ದರು. "ಇನ್ನ ಮ್ಯಾಲ ಹೊರಗ ಬಿಡಂಗಿಲ್ರಿ ಸಾಹೇಬ್ರ. ನನ್ನ ಜೀವ ಹೋಗಿತ್ತು" ಎಂದರು.

"ಚಿಲಕ ಹಾಕ್ರಿ, ಹಾಕಬೇಕು" ಎಂದರು ಸಾಹೇಬರು. "ಆದ್ರ ಆಕಿ ಯಾಕ ಹೋದ್ಲು? ಬಸ್ ಬೇಕಾಗಿತ್ತು, ಹೋದ್ಲು. ನೀವು ಯಾವತ್ತರೆ ಕರ್ಕೊಂಡ್ ಹೋಗೀರೇನು? ವಾರಕ್ಕೊಂದ್ಸಲ ಅದ ಬಸ್ಸಿಗೆ ತಂದಿ ಮಗಳು ಹೋಗಿ ಬರ್ರಿ. ಹಸಿವಾದವರಿಗೆ ಊಟ ಕೊಟ್ರ ಕದ್ದು ಯಾಕ ತಿಂತಾರ?"

ಮುಂದಿನ ಸಂತೆಯ ದಿನ ನನ್ನ ಗಂಡ ಅಂಗಡಿಯ ಬಾಗಿಲು ಎಳೆದು, ತಲೆ ಬಾಚಿಕೊಂಡು ಬಂದು, "ಬಾ ಲೀಲಾ" ಎಂದರು. ಹೋಗುವಾಗ ಕೈದಿಯಂತೆ ಹೋದವರು, ಬರುವಾಗ ಬದನೆಕಾಯಿ ಕೊಂಡು ತಂದರು. ಈಗ ಅದು ಅವರಿಬ್ಬರ ವಾರದ ಪದ್ಧತಿ. ಮಗಳು ಬಸ್ಸಿನಲ್ಲಿ ಕೂಗಿದರೆ ಅವರು ತಲೆ ತಗ್ಗಿಸುವುದಿಲ್ಲ. "ಜರಾ ಸರಕೋರಿ, ಆಕಿಗೆ ಗಾಳಿ ಬೇಕು" ಎನ್ನುತ್ತಾರೆ. ಬಾಗಿಲಿಗೆ ಚಿಲಕವೂ ಇದೆ.

ಇಷ್ಟೆಲ್ಲ ನಮಗೆ ಹೇಳುವ ಮನುಷ್ಯ, ತಮ್ಮನ ವಿಷಯ ಬಂದರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಒಂದು ಗಂಟೆಯೂ ಚನ್ನಪ್ಪನನ್ನು ಬೇರೆಯವರ ಹತ್ತಿರ ಬಿಡರು. ಮದುವೆ, ಮುಂಜಿ, ಸಾವು, ಎಲ್ಲಿಗೂ ಇಬ್ಬರೇ. ಚನ್ನಪ್ಪ ಬೇಡವೆಂದರೆ ಇವರೂ ಇಲ್ಲ. "ಅವಗ ನನ್ನ ಬಿಟ್ರ ಆಗಂಗಿಲ್ರಿ" ಎನ್ನುವರು. ಭಾನುವಾರದ ಸಭೆಯಲ್ಲಿ ಮಹಾದೇವಿ ಒಮ್ಮೆ ಜಗಳವನ್ನೇ ಆಡಿದಳು. "ಅಣ್ಣಾರ, ನಮ್ಮ ಹಿಂದ ಈ ಮಕ್ಕಳಿಗೆ ಯಾರು ಅಂತ ನಾವು ದಿನಾ ಅಳ್ತೀವಿ. ಒಬ್ಬರಿಗೊಬ್ಬರು ಆಗ್ರಿ ಅಂತ ನೀವ ಹೇಳ್ತೀರಿ. ನಿಮ್ಮ ತಮ್ಮಗ ನಾವು ಯಾರೂ ಅಲ್ಲೇನು?" ಅವರು ಎದ್ದು ಗೇಟಿನ ಬೀಗವನ್ನು ಸುಮ್ಮನೆ ಎಳೆದು ನೋಡಿ, ಮತ್ತೆ ಕುರ್ಚಿಯಲ್ಲಿ ಕುಳಿತರು.

ನಿವೃತ್ತಿಯಾದ ಮೇಲೆ ಅವರಿಗೆ ಹರ್ನಿಯಾ ಆಪರೇಷನ್ ಮಾಡಲೇಬೇಕೆಂದರು ಡಾಕ್ಟರು. ಚನ್ನಪ್ಪನನ್ನೂ ಆಸ್ಪತ್ರೆಗೆ ಒಯ್ಯುತ್ತೇನೆ ಎಂದು ಹಟ ಹಿಡಿದರು. ಆಸ್ಪತ್ರೆಯವರು ಒಪ್ಪಲಿಲ್ಲ. ನಾನೂ ನನ್ನ ಗಂಡನೂ ಹೋಗಿ, ನಮ್ಮ ಮನೆಯಲ್ಲಿರಲಿ ಎಂದೆವು. ಎರಡು ದಿನ ಯೋಚಿಸಿ ಕೊನೆಗೆ ಕರೆತಂದು ಬಿಟ್ಟರು. ಹೋಗುವಾಗ ಬಾಗಿಲಲ್ಲಿ ಎಷ್ಟು ಸಲ ತಿರುಗಿ ನೋಡಿದರೆಂದರೆ, ಚನ್ನಪ್ಪನೇ ಬೇಸತ್ತು ಒಳಗೆ ಹೋದರು.

ಮೊದಲೆರಡು ದಿನ ಕಷ್ಟವಾಯಿತು. ಚನ್ನಪ್ಪ ಗೇಟಿನ ಹತ್ತಿರ ನಿಂತೇ ಇರುತ್ತಿದ್ದರು. ಊಟ ಮುಟ್ಟಲಿಲ್ಲ. ತನ್ನ ಜಾಗದಲ್ಲಿ ಬೇರೆಯವರ ಚಾಪೆ ಹಾಸಿದ್ದಕ್ಕೆ ಲೀಲಾ ಸಿಟ್ಟಾಗಿ ಅದನ್ನು ಅಂಗಳಕ್ಕೆ ಎಸೆದಳು. ನಾವು ಚಾಪೆಯ ಜಾಗ ಬದಲಿಸಿದೆವು. ಮೂರನೆಯ ದಿನ ನನ್ನ ಗಂಡ ಅವರನ್ನು ಅಂಗಡಿಗೆ ಕರೆದೊಯ್ದರು. ರಿಪೇರಿಯಾದ ಮೋಟಾರು ಓಡಿಸಿ ನೋಡುವಾಗ ಚನ್ನಪ್ಪ ಅದರ ಮೈಮೇಲೆ ಅಂಗೈ ಇಟ್ಟರಂತೆ. ಅದು ಗುಂಯ್ ಎನ್ನುತ್ತ ನಡುಗುವುದು ಅವರಿಗೆ ಹಿಡಿಸಿತು. ಕಣ್ಣು ಮುಚ್ಚಿ ನಿಂತುಬಿಟ್ಟರು. ಆ ಮಧ್ಯಾಹ್ನ ಬುತ್ತಿ ಪೂರ್ತಿ ಖಾಲಿಯಾಗಿತ್ತು. ಅಲ್ಲಿಂದ ಮುಂದೆ ಬೆಳಿಗ್ಗೆ ನನ್ನ ಗಂಡನಿಗಿಂತ ಮೊದಲೇ ಚಪ್ಪಲಿ ಹಾಕಿಕೊಂಡು ತಯಾರಾಗಿರುತ್ತಿದ್ದರು. ಅವರು ಮತ್ತು ಲೀಲಾ ಒಬ್ಬರನ್ನೊಬ್ಬರು ಮಾತಾಡಿಸಿದ್ದಿಲ್ಲ. ಒಂದೇ ಪಡಸಾಲೆಯಲ್ಲಿ ಬೇರೆ ಬೇರೆ ಮೂಲೆಯಲ್ಲಿ ಸುಖವಾಗಿದ್ದರು.

ಸಾಹೇಬರು ಆಸ್ಪತ್ರೆಯಿಂದ ಮನೆಗೆ ಬಂದು, ಡಾಕ್ಟರು ಓಡಾಡಬಹುದು ಎಂದ ಕೂಡಲೇ ತಮ್ಮನನ್ನು ಕರೆದೊಯ್ಯಲು ಬಂದರು. ದಣಿದಿದ್ದರು. ಮೀಸೆ ಇಳಿಬಿದ್ದಿತ್ತು. ಚನ್ನಪ್ಪ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದರು. ಅಣ್ಣನನ್ನು ನೋಡಿದರು, ತುಸು ಸರಿದು ಜಾಗ ಮಾಡಿಕೊಟ್ಟರು, ಅಷ್ಟೇ.

"ನಡಿ ಚನ್ನ, ಮನಿಗೆ ಹೋಗೂಣು" ಎಂದರು ಸಾಹೇಬರು.

ಚನ್ನಪ್ಪ ಬಹಳ ಕಡಿಮೆ ಮಾತಿನವರು. "ನಾಳಿ" ಎಂದರು.

"ನಾಳಿ ಯಾಕೋ? ಇವತ್ತ ಹೋಗೂಣು."

"ನಾಳಿ. ಅಂಗಡಿ" ಎಂದು ಚನ್ನಪ್ಪ ಮುಖ ತಿರುಗಿಸಿದರು.

ಸಾಹೇಬರು ನನ್ನನ್ನು ನೋಡಿದರು, ನನ್ನ ಗಂಡನನ್ನು ನೋಡಿದರು. ಮುಖದಲ್ಲಿ ಖುಷಿಯಿತ್ತೋ ಪೆಟ್ಟು ಬಿದ್ದಂತಿತ್ತೋ ಹೇಳಲಾರೆ. ಎರಡೂ ಇರಬೇಕು. "ದಪ್ಪ ಆಗ್ಯಾನಲ್ರಿ" ಎಂದರು ಕೊನೆಗೆ, ದೂರುವವರಂತೆ.

"ನಾಳಿ ನಾನ ಕರ್ಕೊಂಡ್ ಬಂದು ಬಿಡ್ತೀನ್ರಿ ಸಾಹೇಬ್ರ. ನೀವು ಆರಾಮ ಹೋಗ್ರಿ" ಎಂದರು ನನ್ನ ಗಂಡ.

ಅವರು ಒಬ್ಬರೇ ಹೊರಟರು. ಪಕ್ಕದಲ್ಲಿ ತಮ್ಮನಿಲ್ಲದೆ ಅವರು ಬಸ್ಸು ಹತ್ತುವುದನ್ನು ನಾನು ನೋಡಿದ್ದು ಅದೇ ಮೊದಲು. ಕಿಟಕಿ ಪಕ್ಕ ಕುಳಿತು, ಖಾಲಿ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದವರಂತೆ ತೊಡೆಯ ಮೇಲೆ ಇಟ್ಟುಕೊಂಡರು.

ಸಂಜೆ ಫೋನ್ ಬಂತು. ಹಿಂದೆ ಬಸ್ಸುಗಳ ಸದ್ದು.

"ತಂಗಿ, ನಾ ಜೇವರ್ಗಿಯಾಗ ಅದೀನಿ."

"ಜೇವರ್ಗಿಯಾಗ? ಶಹಾಪುರದಾಗ ಇಳೀಲಿಲ್ಲೇನ್ರಿ?"

"ನಿದ್ದಿ ಹತ್ತಿತ್ರಿ. ಶಹಾಪುರ ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಕಂಡಕ್ಟರ್ ನಮ್ಮ ಹುಡುಗನ, ಸಾಹೇಬ್ರು ಮಲಗ್ಯಾರ ಅಂತ ಎಬ್ಬಿಸಿಲ್ಲ ನೋಡ್ರಿ, ಮಗ!" ಎಂದು ಬೈದರು. ಬೈಯುತ್ತಿದ್ದರೂ ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಕೇಳಿದರು, "ತಮ್ಮ ಉಂಡಾನೇನು?"

"ಉಂಡಾನ್ರಿ. ಎರಡು ರೊಟ್ಟಿ ಉಂಡು ಮಲಗ್ಯಾನ."

"ಹಂಗಾರ ನಂಗೇನು ಅವಸರ ಇಲ್ಲ" ಎಂದರು. "ಇಲ್ಲೆ ಒಂದು ಚಾ ಕುಡದು, ಬಿಸಿ ಮಿರ್ಚಿ ಭಜಿ ಹಾಕಾಕತ್ಯಾರ, ಅವೆರಡು ತಿಂದು, ನಿಧಾನ ಬರ್ತೀನಿ."